ಏಳುನೂರು ವರ್ಷ ಹಳೆಯ ಅಡಿಕೆ

“ಈ ಸಲ ಏಪ್ರಿಲ್ ರಜೆಗೆ ಅಪ್ಪನ್ನ ಕರ್ಕೊಂಡು ಇಲ್ಲಿಗೇ ಬಾ ಅಕ್ಕಾ. ವೀಸಾ, ಟಿಕೆಟ್ ಎಲ್ಲ ನಾನು ನೋಡ್ಕೋತೀನಿ” ಎಂದು ತಮ್ಮ ಫೋನ್ ಮಾಡಿದಾಗ ನಾನು ಮೊದಲು ನಕ್ಕುಬಿಟ್ಟೆ. ನಮ್ಮಪ್ಪನಿಗೆ ಎಪ್ಪತ್ತೆರಡು ವರ್ಷ. ಸಾಗರ, ಶಿವಮೊಗ್ಗ ಬಿಟ್ಟರೆ ವರ್ಷಕ್ಕೊಮ್ಮೆ ಬೆಂಗಳೂರಿನ ನನ್ನ ಮನೆ. ಅದೂ ಮೂರನೇ ದಿನಕ್ಕೆ “ತೋಟದಲ್ಲಿ ಕೆಲಸ ಉಂಟು” ಅಂತ ಚೀಲ ಹಿಡಿದು ಹೊರಟೇಬಿಡುವವರು. ಅವರನ್ನು ಚೀನಾಕ್ಕೆ ಕರೆದೊಯ್ಯುವುದೇ?

ತಮ್ಮ ಚೀನಾದ ಶಿಯಾಮೆನ್ ಎಂಬ ಕಡಲತಡಿಯ ಊರಿನಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಅಮ್ಮ ತೀರಿಕೊಂಡ ಮೇಲೆ ಅಪ್ಪ ಹಳ್ಳಿಮನೆಯಲ್ಲಿ ಒಬ್ಬರೇ. ಎರಡೂವರೆ ಎಕರೆ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಂದು ಸೋಗೆಯೆಲ್ಲ ಸುಟ್ಟ ಹಾಗೆ ಕಾಣುತ್ತಿತ್ತು. ಮಳೆಗಾಲದಲ್ಲಿ ಔಷಧಿ ಹೊಡೆಯುವುದಕ್ಕೂ ಕೊನೆ ಇಳಿಸುವುದಕ್ಕೂ ಜನ ಸಿಗುತ್ತಿರಲಿಲ್ಲ. ಅಷ್ಟರಲ್ಲಿ ತೋಟ, ಮನೆ ಎರಡನ್ನೂ ಒಟ್ಟಿಗೆ ಕೊಳ್ಳುತ್ತೇವೆ ಎಂದು ಬೆಂಗಳೂರಿನ ಒಂದು ಪಾರ್ಟಿ ಬಂತು. ನನಗೂ ತಮ್ಮನಿಗೂ ಒಪ್ಪಿಗೆಯೇ. ಕರಾರು ಪತ್ರವೂ ಸಿದ್ಧವಾಯಿತು. ಅಪ್ಪ ಮಾತ್ರ ಅದನ್ನು ಓದಿ, ಮಡಚಿ, ಪಂಚಾಂಗದ ಕೆಳಗಿಟ್ಟು “ನೋಡುವ” ಅಂದಿದ್ದರು.

ಈಗ ನಿಜ ಹೇಳಿಬಿಡುತ್ತೇನೆ. ಈ ಪ್ರವಾಸ ಬರೀ ಊರು ನೋಡುವುದಕ್ಕಾಗಿರಲಿಲ್ಲ. ಹತ್ತು ದಿನ ತೋಟದಿಂದ ದೂರ ಇದ್ದರೆ ಅಪ್ಪನ ಮನಸ್ಸು ಸ್ವಲ್ಪ ಸಡಿಲವಾಗಬಹುದು, ಒಳ್ಳೆಯ ಗಳಿಗೆ ನೋಡಿ ನಾವಿಬ್ಬರೂ ಒತ್ತಾಯ ಮಾಡಬಹುದು ಎಂಬ ಲೆಕ್ಕಾಚಾರ ನಮ್ಮದು. ಆಶ್ಚರ್ಯವೆಂದರೆ, ಅಪ್ಪ “ಹೋಗಿ ಬರುವ” ಎಂದುಬಿಟ್ಟರು! ಹತ್ತು ವರ್ಷದ ನನ್ನ ಮಗಳು ಪುಟ್ಟಿ ಅಜ್ಜನ ಕೈಹಿಡಿದು ಕುಣಿದಳು. ನನ್ನವರಿಗೆ ರಜೆ ಸಿಗಲಿಲ್ಲ. ನಾವು ಮೂವರೇ ಹೊರಟೆವು. ಅಪ್ಪನ ಚೀಲದಲ್ಲಿ ಅವಲಕ್ಕಿ, ಮಿಡಿ ಉಪ್ಪಿನಕಾಯಿ, ತೊಡೆದೇವು ಮತ್ತು ಕವಳದ ಸಂಚಿ.

ಕೆಂಪು ಹೂವಿನ ಮರ

ಸಿಂಗಪುರದಲ್ಲಿ ವಿಮಾನ ಬದಲಿಸಿ ಶಿಯಾಮೆನ್ ತಲುಪಿದೆವು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಮೊದಲ ದಿನ ವಿಶ್ರಾಂತಿ. ಮರುದಿನ ದೋಣಿ ಹತ್ತಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದ ಗುಲಾಂಗ್‌ಯು ಎಂಬ ಪುಟ್ಟ ದ್ವೀಪ ನೋಡಿ ಬಂದೆವು. ನಾನ್‌ಪುತುವೋ ಎಂಬ ಬೌದ್ಧ ದೇವಾಲಯದ ಊಟದ ಮನೆಯಲ್ಲಿ ಶುದ್ಧ ಸಸ್ಯಾಹಾರ ಸಿಗುತ್ತದೆ. ಅಲ್ಲಿ ಅಣಬೆ, ತೋಫು, ಸೊಪ್ಪು, ಅನ್ನ ತಿಂದ ಅಪ್ಪ “ಉಪ್ಪು ಖಾರ ಒಂಚೂರು ಕಮ್ಮಿ, ಆದ್ರೆ ಮೋಸ ಇಲ್ಲ” ಎಂದು ತೀರ್ಪು ಕೊಟ್ಟರು. ಪುಟ್ಟಿ ಅಲ್ಲೇ ತನ್ನ ಮೊದಲ ಚೀನೀ ವಾಕ್ಯ ಕಲಿತಳು: “ವೋ ಛ್ರ್ ಸು”. ನಾನು ಸಸ್ಯಾಹಾರಿ ಎಂದರ್ಥ. ಮುಂದಿನ ಒಂದು ವಾರ ನಮ್ಮ ಹೊಟ್ಟೆ ಕಾಪಾಡಿದ್ದು ಈ ಮೂರು ಅಕ್ಷರಗಳೇ.

ನಿಜವಾಗಿ ನೋಡಬೇಕಾದದ್ದು ಪಕ್ಕದ ಊರು ಎಂದ ತಮ್ಮ. ವೇಗದ ರೈಲಿನಲ್ಲಿ ಅರ್ಧ ಗಂಟೆ ಚಿಲ್ಲರೆ ಪಯಣ. ಊರಿನ ಹೆಸರು ಚ್ವಾನ್‌ಝೌ. ಇಂಗ್ಲಿಷ್ ಅಕ್ಷರ ನೋಡಿ ಓದಿದರೆ ‘ಕ್ವಾನ್‌ಝೌ’ ಎನ್ನಿಸುತ್ತದೆ. ಅಪ್ಪನ ಬಾಯಲ್ಲಿ ಮಾತ್ರ ಅದು ಕೊನೆಯವರೆಗೂ ‘ಚವಾಣರ ಊರು’! ಏಳೆಂಟು ನೂರು ವರ್ಷಗಳ ಹಿಂದೆ ಇದು ಜಗತ್ತಿನ ಅತಿ ದೊಡ್ಡ ಬಂದರುಗಳಲ್ಲೊಂದು. ಅರಬರು, ಪರ್ಷಿಯನ್ನರು, ತಮಿಳು ವರ್ತಕರು ಎಲ್ಲರೂ ಇಲ್ಲಿ ಮನೆ ಮಾಡಿಕೊಂಡಿದ್ದರು. 2021ರಲ್ಲಿ ಯುನೆಸ್ಕೋ ಈ ಊರಿನ ಮತ್ತು ಸುತ್ತಲಿನ 22 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಳಿದುಕೊಂಡ ಹೋಟೆಲಿನ ಎದುರಿನ ಉದ್ಯಾನದಲ್ಲಿ ಅಪ್ಪ ಒಂದು ಮರದ ಕೆಳಗೆ ನಿಂತುಬಿಟ್ಟರು. ಎಲೆ ಚಿಗುರುತ್ತಿತ್ತು, ತುದಿಯಲ್ಲಿ ನಾಲ್ಕಾರು ಕಡುಗೆಂಪು ಹೂ ಉಳಿದಿದ್ದವು. ಅಪ್ಪ ಕಾಂಡದ ಮುಳ್ಳು ಮುಟ್ಟಿ ನೋಡಿ, ಬಿದ್ದ ಎಲೆ ಎತ್ತಿಕೊಂಡು, “ಕೂಸೇ, ಇದು ನಮ್ಮ ಹಾಲುವಾಣ ಅಲ್ವನೇ!” ಎಂದರು.

ಹೌದು, ಹಾಲುವಾಣವೇ! ನಮ್ಮ ಮಲೆನಾಡಿನಲ್ಲಿ ಬೇಲಿಗೆ ಗೂಟ ನೆಡುವ, ಕಾಳುಮೆಣಸಿನ ಬಳ್ಳಿ ಹಬ್ಬಿಸುವ ಅದೇ ಮರ. ತಮ್ಮ ಹೇಳಿದ: ಇದನ್ನು ಇಲ್ಲಿ ‘ತ್ಸಿತೋಂಗ್’ ಅನ್ನುತ್ತಾರೆ, ಇದರ ಹೂವೇ ಈ ಊರಿನ ಅಧಿಕೃತ ಹೂ. ಹಿಂದೆ ಊರ ಸುತ್ತ ಈ ಮರಗಳನ್ನು ನೆಡಿಸಿದ್ದರಿಂದ ಊರಿಗೇ ಆ ಹೆಸರು ಬಿತ್ತು. ಅರಬರ ಬಾಯಲ್ಲಿ ಅದು ‘ಝೈತೂನ್’ ಆಯಿತು. ಮಾರ್ಕೋ ಪೋಲೋ ತನ್ನ ಪ್ರವಾಸ ಕಥನದಲ್ಲಿ ಕೊಂಡಾಡಿದ ಝೈತೂನ್ ಬಂದರು ಇದೇ. ಅಲೆಕ್ಸಾಂಡ್ರಿಯಕ್ಕೆ ಒಂದು ಹಡಗು ಮೆಣಸು ಹೋದರೆ ಝೈತೂನಿಗೆ ನೂರು ಹಡಗು ಬರುತ್ತದೆ ಎಂಬ ಅರ್ಥದ ಮಾತನ್ನು ಅವನು ಬರೆದಿದ್ದಾನೆ.

“ನೂರು ಹಡಗು ಮೆಣಸೇ!” ಅಪ್ಪ ಆ ಎಲೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.

ಹಾಲುಬಾಯಿ ಅಲ್ಲ ಅಜ್ಜಾ!

ಹಳೆಯ ಊರಿನ ಬೆನ್ನೆಲುಬೆಂದರೆ ಪಶ್ಚಿಮ ಬೀದಿ. ಕೆಂಪು ಇಟ್ಟಿಗೆಯ ಮನೆಗಳು, ಎರಡೂ ತುದಿಯಲ್ಲಿ ಹಕ್ಕಿಯ ಬಾಲದಂತೆ ಮೇಲೆ ಬಾಗಿದ ಮಾಡು. ಚಿಂಗ್‌ಮಿಂಗ್ ಹಬ್ಬದ ರಜೆ ಇದ್ದುದರಿಂದ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಏಪ್ರಿಲ್ ಮೊದಲ ವಾರದಲ್ಲಿ ಬರುವ ಈ ಹಬ್ಬದಲ್ಲಿ ಮನೆಮಂದಿಯೆಲ್ಲ ಹಿರಿಯರ ಸಮಾಧಿಗೆ ಹೋಗಿ, ಕಳೆ ಕಿತ್ತು, ಗುಡಿಸಿ, ಎಡೆಯಿಟ್ಟು ಬರುತ್ತಾರೆ. ನಮ್ಮ ಪಿತೃಪಕ್ಷದ ಹಾಗೆ.

ಬೀದಿಯ ಅಂಗಡಿಯೊಂದರಲ್ಲಿ ಪುಟ್ಟ ಬಟ್ಟಲುಗಳಲ್ಲಿ ಗಟ್ಟಿಯಾಗಿ ಕೂತ ಏನೋ ಒಂದು ಹೊಳೆಯುತ್ತಿತ್ತು. ಅಪ್ಪನ ಕಣ್ಣರಳಿತು. “ಇದು ಹಾಲುಬಾಯಿ ಇದ್ದ ಹಾಗೆ ಉಂಟಲ್ಲ. ನಿನ್ನಮ್ಮ ಮಾಡ್ತಿದ್ದದ್ದು ಹೀಗೇ ನಡುಗ್ತಿತ್ತು.” ಅಂಗಡಿಯಾಕೆ ನಗುತ್ತ ಚಮಚದಲ್ಲಿ ರುಚಿಗೆ ಕೊಟ್ಟೇಬಿಟ್ಟಳು. ಚಮಚ ಬಾಯಿಯ ಹತ್ತಿರ ಹೋಗುವಷ್ಟರಲ್ಲಿ ಹಿಂದಿನಿಂದ ತಮ್ಮ ಓಡಿಬಂದ. “ಅಪ್ಪಾ! ಬೇಡ! ಅದು ಹುಳು!”

ಅದು ಈ ಊರಿನ ಪ್ರಸಿದ್ಧ ತಿನಿಸು, ‘ತುಸುನ್‌ದೋಂಗ್’. ಕಡಲ ತೀರದ ಕೆಸರು ಮರಳಿನಲ್ಲಿ ಸಿಗುವ ಒಂದು ಬಗೆಯ ಹುಳುವನ್ನು ತೊಳೆದು ಬೇಯಿಸಿದರೆ ಅದರ ರಸ ಆರಿದಾಗ ತಾನಾಗಿಯೇ ಹೆಪ್ಪುಗಟ್ಟುತ್ತದೆ. ಇಲ್ಲಿಯವರಿಗೆ ಅದು ಪ್ರಾಣ. ಬಗ್ಗಿ ನೋಡಿದರೆ ನಿಜವಾಗಿಯೂ ಒಳಗೆ ಬೂದು ಬಣ್ಣದ ಹುಳುಗಳು! ಅಪ್ಪ ಚಮಚವನ್ನು ಎರಡೂ ಕೈಯಲ್ಲಿ ಗೌರವದಿಂದ ಹಿಂತಿರುಗಿಸಿದರು. ಪುಟ್ಟಿ ಬಿದ್ದು ಬಿದ್ದು ನಕ್ಕು “ಹಾಲುಬಾಯಿ ಅಲ್ಲ ಅಜ್ಜಾ, ಹುಳುಬಾಯಿ!” ಎಂದಳು. ಅಂಗಡಿಯಾಕೆ ಬೇಸರ ಮಾಡಿಕೊಳ್ಳಲಿಲ್ಲ. ಪುಟ್ಟಿಯ “ವೋ ಛ್ರ್ ಸು” ಕೇಳಿ, ಕೈಹಿಡಿದು ಎದುರಿನ ಅಂಗಡಿಗೆ ತಾನೇ ಕರೆದುಕೊಂಡು ಹೋದಳು.

ಅಲ್ಲಿ ಸಿಕ್ಕಿದ್ದು ‘ಶಿಹ್ವಾಗಾವೊ’. ಕಡಲ ಪಾಚಿಯನ್ನು ಬೇಯಿಸಿ, ಸೋಸಿ, ತಣಿಸಿ, ತುರಿದು ಜೇನಿನ ನೀರಿಗೆ ಹಾಕಿ ಕೊಡುತ್ತಾರೆ. ಒಂದು ಗುಟುಕು ಕುಡಿದು ನಾನು, “ಅಪ್ಪಾ, ಇದು ಚೈನಾ ಗ್ರಾಸ್!” ಎಂದು ಕೂಗಿದೆ. ನನ್ನ ಹುಟ್ಟುಹಬ್ಬಕ್ಕೆ ಅಮ್ಮ ತಟ್ಟೆಯಲ್ಲಿ ಹೆಪ್ಪುಹಾಕಿ ವಜ್ರಾಕಾರದಲ್ಲಿ ಕತ್ತರಿಸುತ್ತಿದ್ದ ಅದೇ ಚೈನಾ ಗ್ರಾಸ್. ಆ ಹೆಸರಿನಲ್ಲಿ ಚೈನಾ ಏಕಿದೆ ಎಂದು ಇಷ್ಟು ವರ್ಷ ನಾನು ಯೋಚಿಸಿಯೇ ಇರಲಿಲ್ಲ. ಅಪ್ಪ ಎರಡು ಲೋಟ ಕುಡಿದರು.

ಆ ಸಂಜೆಯೆಲ್ಲ ನಮ್ಮ ಆಟ ಇದೇ: ನಮ್ಮ ಮನೆಯಲ್ಲಿ ಚೀನಾ ಎಲ್ಲೆಲ್ಲಿದೆ? ಪುಟ್ಟಿ ಬೆರಳು ಮಡಚುತ್ತ ಹೋದಳು. ಉಪ್ಪಿನಕಾಯಿಯ ಚೀನಿ ಭರಣಿ. ಹುಳಿ ಮಾಡುವ ಚೀನಿಕಾಯಿ. ಗೋಡೆಗೆ ಹಾಕಿದ ಬಲೆ ಕೂಡ, ಅಂದರೆ ‘ಚೀನಾ ಬಲೆ’ ಎಂದು ಕರಾವಳಿಯ ಚಿತ್ರದಲ್ಲಿ ನೋಡಿದ್ದು. ಮತ್ತೆ ಚಹಾ!

ಕಂಬದೊಳಗಿನ ನರಸಿಂಹ

ಪಶ್ಚಿಮ ಬೀದಿಯಲ್ಲೇ ಕಾಯ್‌ಯುವಾನ್ ದೇವಾಲಯವಿದೆ. ಕ್ರಿ.ಶ. 686ರಲ್ಲಿ ಸ್ಥಾಪನೆಯಾದ ಬೌದ್ಧ ಮಂದಿರ. ಅಂಗಳದ ಎರಡು ಬದಿಗೆ ಎಂಟು ಮೂಲೆಯ, ಐದು ಅಂತಸ್ತಿನ ಎರಡು ಕಲ್ಲಿನ ಗೋಪುರಗಳು. ಪಶ್ಚಿಮದ್ದು ಮುಗಿದದ್ದು 1237ರಲ್ಲಿ, ಪೂರ್ವದ್ದು 1250ರಲ್ಲಿ. ಎತ್ತರ ನಲವತ್ತು ಮೀಟರಿಗೂ ಹೆಚ್ಚು. 1604ರಲ್ಲಿ ಈ ಕರಾವಳಿಯನ್ನು ಅಲ್ಲಾಡಿಸಿದ ಭಾರೀ ಭೂಕಂಪಕ್ಕೂ ಇವು ಬೀಳಲಿಲ್ಲ. ಪಶ್ಚಿಮ ಗೋಪುರದ ಮೇಲೆ ಕತ್ತಿ ಹಿಡಿದ ಒಂದು ಕಪಿಯ ಕೆತ್ತನೆ ಇದೆ. ಚೀನಾದ ಮಕ್ಕಳ ಅಚ್ಚುಮೆಚ್ಚಿನ ವಾನರರಾಜ ಸುನ್ ವುಕಾಂಗ್‌ನ ಹಳೆಯ ರೂಪ ಇದು ಎಂದು ಹಲವರು ಹೇಳುತ್ತಾರೆ. ಪುಟ್ಟಿಗೆ ಮಾತ್ರ ಅನುಮಾನವೇ ಇಲ್ಲ: “ಹನುಮಂತ!”

ಮುಖ್ಯ ಮಂದಿರದ ಹಿಂದಿನ ಜಗುಲಿಗೆ ಹೋದಾಗ ನಮ್ಮ ಕಾಲು ನಿಂತಿತು. ಅಲ್ಲಿಯ ಎರಡು ಕಲ್ಲುಕಂಬಗಳು ಬೇರೆಯೇ ಜಾತಿಯವು. ಹದಿನಾರು ಮುಖದ ಕಂಬ, ನಡುನಡುವೆ ದುಂಡಗಿನ ಚೌಕಟ್ಟಿನೊಳಗೆ ಚಿತ್ರ. ಕಂಬ ಸುತ್ತುತ್ತಿದ್ದ ಪುಟ್ಟಿ ಪಿಸುಗುಟ್ಟಿದಳು. “ಅಜ್ಜಾ, ಇಲ್ಲಿ ನೋಡು. ತೊಡೆ ಮೇಲೆ ಹಾಕ್ಕೊಂಡು ಹೊಟ್ಟೆ ಬಗೀತಿದ್ದಾನೆ!” ನರಸಿಂಹ! ಇನ್ನೊಂದು ಚಿತ್ರದಲ್ಲಿ ಒರಳಿಗೆ ಕಟ್ಟಿಸಿಕೊಂಡ ಬಾಲಕೃಷ್ಣ ಎರಡು ಮರಗಳ ನಡುವೆ. ಮತ್ತೊಂದರಲ್ಲಿ ಮೊಸಳೆ ಹಿಡಿದ ಆನೆ, ಗಜೇಂದ್ರಮೋಕ್ಷ. ಮರವೇರಿ ಕುಳಿತ ಗೋಪಾಲ, ಕೆಳಗೆ ಸೀರೆಗಾಗಿ ಕೈಚಾಚಿದ ಗೋಪಿಯರು.

ಇದರ ಕಥೆ ಹೀಗೆ. ಹದಿಮೂರನೇ ಶತಮಾನದಲ್ಲಿ ಇಲ್ಲಿ ನೆಲೆಸಿದ್ದ ದಕ್ಷಿಣ ಭಾರತದ ವರ್ತಕರು ಗುಡಿ ಕಟ್ಟಿಸಿದ್ದರು. 1281ರಲ್ಲಿ ಶಿವನ ಪ್ರತಿಷ್ಠೆ ಮಾಡಿದ್ದನ್ನು ಹೇಳುವ ತಮಿಳು ಶಾಸನವೊಂದು ಈ ಊರಿನಲ್ಲೇ ಸಿಕ್ಕಿದೆ. ಆಗ ಚೀನಾವನ್ನು ಆಳುತ್ತಿದ್ದವನು ಕುಬ್ಲಾಯ್ ಖಾನ್. ಮುಂದೆ ಕಾಲ ಬದಲಾಗಿ ಗುಡಿ ಹಾಳಾಯಿತು. ಅದರ ಕಂಬಗಳನ್ನು ಯಾರೋ ಎಸೆಯದೆ ಬೌದ್ಧ ಮಂದಿರಕ್ಕೆ ತಂದು ನಿಲ್ಲಿಸಿದರು. ಈಗ ಚೀನೀ ಮಾಡಿನ ಭಾರವನ್ನು ನಮ್ಮ ಭಾಗವತದ ಕಂಬಗಳು ಹೊತ್ತಿವೆ.

ಅಪ್ಪ ಒಳ್ಳೆಯ ತಾಳಮದ್ದಳೆ ಅರ್ಥಧಾರಿ. ಕಂಬದ ಮುಂದೆ ನಿಂತು ಮೊಮ್ಮಗಳಿಗೆ ಪ್ರಹ್ಲಾದನ ಕಥೆ ಶುರುಮಾಡಿದರು. ಹಿರಣ್ಯಕಶಿಪು ‘ಎಲ್ಲಿದ್ದಾನೋ ನಿನ್ನ ಹರಿ?’ ಎಂದು ಅಬ್ಬರಿಸುವ ಹೊತ್ತಿಗೆ ಸುತ್ತ ಹತ್ತಿಪ್ಪತ್ತು ಚೀನೀಯರು ನೆರೆದಿದ್ದರು. ಯಾರಿಗೂ ಭಾಷೆ ಗೊತ್ತಿಲ್ಲ. ಆದರೆ ಅಪ್ಪ ಕಂಬಕ್ಕೆ ಒದ್ದಂತೆ ನಟಿಸಿ, ನರಸಿಂಹನಂತೆ ಉಗುರು ತೋರಿಸಿದಾಗ ಒಂದು ಮಗು ಕಿಟಾರನೆ ಕಿರುಚಿ ತಾಯಿಯ ಹಿಂದೆ ಅಡಗಿತು. ಚಪ್ಪಾಳೆಯೂ ಬಿತ್ತು.

ಗಾಜಿನ ಹಿಂದೆ

ಅದೇ ಆವರಣದಲ್ಲಿ ಒಂದು ದೊಡ್ಡ ಸಭಾಂಗಣದೊಳಗೆ ಹಳೆಯ ಹಡಗಿದೆ. ಇಲ್ಲಿಗೆ ಹತ್ತಿರದ ಹೌಝು ಎಂಬಲ್ಲಿ ಕೆಸರಿನೊಳಗೆ ಹೂತುಹೋಗಿದ್ದ ಇದನ್ನು 1974ರಲ್ಲಿ ಅಗೆದು ತೆಗೆದರು. ಸುಮಾರು ಏಳುನೂರೈವತ್ತು ವರ್ಷ ಹಳೆಯದು. ಮೇಲ್ಭಾಗವೆಲ್ಲ ಕೊಳೆತುಹೋಗಿ ಉಳಿದಿರುವುದು ತಳ ಮಾತ್ರ. ಅದೇ 24 ಮೀಟರ್ ಉದ್ದ, 9 ಮೀಟರ್ ಅಗಲ. ಮಕ್ಕಳು ಗಮನಿಸಬೇಕಾದ ಜಾಣತನ ಒಂದಿದೆ. ಹಡಗಿನ ಹೊಟ್ಟೆಯನ್ನು ಅಡ್ಡ ಹಲಗೆಗಳಿಂದ ಹದಿಮೂರು ಕೋಣೆಗಳಾಗಿ ಭಾಗ ಮಾಡಿದ್ದಾರೆ, ಅಡುಗೆಮನೆಯ ಸಾಂಬಾರ ಬಟ್ಟಲಿನ ಹಾಗೆ. ಬಂಡೆ ಬಡಿದು ಒಂದು ಕೋಣೆಗೆ ನೀರು ನುಗ್ಗಿದರೂ ಉಳಿದವು ಒಣಗಿಯೇ ಇರುತ್ತವೆ, ಹಡಗು ಮುಳುಗುವುದಿಲ್ಲ.

ಒಳಗೆ ಸಿಕ್ಕ ಸಾಮಾನುಗಳನ್ನು ಗಾಜಿನ ಪೆಟ್ಟಿಗೆಗಳಲ್ಲಿ ಇಟ್ಟಿದ್ದರು. ರಾಶಿ ರಾಶಿ ಸುಗಂಧದ ಕಟ್ಟಿಗೆ. ಕವಡೆ. ನಾವಿಕರು ಆಡುತ್ತಿದ್ದ ಚೀನೀ ಚದುರಂಗದ ಕಾಯಿ. ಯಾವ ಮೂಟೆ ಯಾರದು ಎಂದು ಬರೆದು ಕಟ್ಟಿದ್ದ ಮರದ ಚೀಟಿಗಳು. “ನಾವು ಮಂಡಿಗೆ ಹಾಕುವಾಗ ಚೀಲದ ಮೇಲೆ ಹೆಸರು ಬರೀತೇವಲ್ಲ, ಹಾಗೇ” ಎಂದರು ಅಪ್ಪ. ಕಾಳುಮೆಣಸು ಇತ್ತು, ಕಪ್ಪಗೆ, ನಮ್ಮ ಡಬ್ಬಿಯಲ್ಲಿರುವ ಹಾಗೆಯೇ. ಅದರ ಪಕ್ಕದ ಪೆಟ್ಟಿಗೆಯ ಮುಂದೆ ಅಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

“ಎಂಥ ಅಪ್ಪಾ?”

“ಅಡಿಕೆ.”

ಕಪ್ಪಾಗಿ, ಮುರುಟಿದ ಕೆಲವು ಅಡಿಕೆಗಳು. ಚೀನೀ ಭಾಷೆಯಲ್ಲಿ ಅಡಿಕೆಗೆ ‘ಬಿನ್‌ಲಾಂಗ್’ ಎನ್ನುತ್ತಾರೆ, ಮಲಯದ ‘ಪಿನಾಂಗ್’ ಪದದಿಂದ ಬಂದದ್ದಂತೆ. ಪೆನಾಂಗ್ ದ್ವೀಪದ ಹೆಸರೂ ಅಡಿಕೆಯೇ. ಈ ಹಡಗು ಬಂದದ್ದು ದಕ್ಷಿಣದ ಸಮುದ್ರಗಳ ಕಡೆಯಿಂದ. ಹಾಗಾಗಿ ಈ ಅಡಿಕೆ ನಮ್ಮ ಸೀಮೆಯದೇ ಎಂದು ಹೇಳುವ ಹಾಗಿಲ್ಲ. ತಮ್ಮ ಅದನ್ನು ಹೇಳಿದಾಗ ಅಪ್ಪ ತಲೆಯಾಡಿಸಿದರು. “ಯಾರ ತೋಟದ್ದೋ ಏನೋ. ಆದ್ರೆ ಯಾರೋ ಒಬ್ಬ ಮರ ಹತ್ತಿ ಕೊನೆ ಇಳಿಸಿದ್ದು ಹೌದಲ್ಲ. ಸುಲಿದಿದ್ದು ಹೌದಲ್ಲ. ಬಿಸಿಲಿಗೆ ಹರವಿ, ಮಳೆ ಬಂತು ಅಂತ ಓಡಿ ಓಡಿ ಎತ್ತಿಟ್ಟದ್ದೂ ಹೌದಲ್ಲ.”

ಅವರು ಆ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ನಾನು ಆ ರಾತ್ರಿ ಮಾತು ಎತ್ತಬೇಕೆಂದು ತಮ್ಮನ ಜೊತೆ ಮಾತಾಡಿಕೊಂಡಿದ್ದೆ. ಎತ್ತಲಿಲ್ಲ.

ದಂಡೆ ಮುಡಿಸುವ ಊರು

ಮರುದಿನ ಬೆಳಿಗ್ಗೆ ತುಮೆನ್ ಬೀದಿಯಲ್ಲಿ ನಡೆದೆವು. 1009ರಲ್ಲಿ ಸ್ಥಾಪಿಸಿದ ಚಿಂಗ್‌ಜಿಂಗ್ ಮಸೀದಿಯ ಎತ್ತರದ ಕಲ್ಲಿನ ಹೆಬ್ಬಾಗಿಲು. ಅದಕ್ಕೆ ತಾಗಿದಂತೆ ವೀರ ಗುವಾನ್ ಯು ದೇವರ ಗುಡಿ, ಊದುಬತ್ತಿಯ ಹೊಗೆಯಲ್ಲಿ ಮುಳುಗಿದೆ. ಸ್ವಲ್ಪ ದೂರದಲ್ಲಿ ನಾವಿಕರನ್ನು ಕಾಯುವ ಕಡಲತಾಯಿ ಮಾಜುವಿನ ಮಂದಿರ. ಒಂದು ಜಗುಲಿಯಲ್ಲಿ ಸೂತ್ರದ ಬೊಂಬೆಯಾಟ ನಡೆದಿತ್ತು. ಒಂದೊಂದು ಬೊಂಬೆಗೆ ಹದಿನಾರಕ್ಕೂ ಹೆಚ್ಚು ದಾರ. ಬೊಂಬೆ ಹೂಜಿಯಿಂದ ಬಟ್ಟಲಿಗೆ ಸುರಿದು, ಕುಡಿದು, ತೂರಾಡಿತು. ಕುಂದಾಪುರದ ಹತ್ತಿರದ ಉಪ್ಪಿನಕುದ್ರುವಿನ ಯಕ್ಷಗಾನ ಬೊಂಬೆಯಾಟ ನೋಡಿದ್ದ ಪುಟ್ಟಿ, “ಅಲ್ಲಿಯ ಬೊಂಬೆಗೆ ಕಿರೀಟ ದೊಡ್ಡದು, ಇಲ್ಲಿಯದಕ್ಕೆ ಬೆರಳು ಜಾಸ್ತಿ ಆಡುತ್ತೆ” ಎಂದು ಸರಿಯಾಗಿ ಗುರುತಿಸಿದಳು.

ಮಧ್ಯಾಹ್ನ ಶುನ್‌ಪು ಎಂಬ ಮೀನುಗಾರರ ಹಳ್ಳಿಗೆ ಹೋದೆವು. ಇಲ್ಲಿಯ ಹಳೆಯ ಮನೆಗಳ ಗೋಡೆಗೆ ಇಟ್ಟಿಗೆಯ ಬದಲು ದೊಡ್ಡ ದೊಡ್ಡ ಸಿಂಪಿ ಚಿಪ್ಪುಗಳನ್ನು ಒಂದರ ಮೇಲೊಂದು ಹೊಂದಿಸಿದ್ದಾರೆ. ಬಿಸಿಲು ಬಿದ್ದರೆ ಗೋಡೆಯೇ ಮೀನಿನ ಹುರುಪೆಯಂತೆ ಹೊಳೆಯುತ್ತದೆ. ಸರಕು ಇಳಿಸಿ ಖಾಲಿ ಮರಳುವ ಹಡಗುಗಳು ತೂಕಕ್ಕೆಂದು ಚಿಪ್ಪು ತುಂಬಿಕೊಂಡು ಬರುತ್ತಿದ್ದವು, ಅದರಿಂದ ಈ ಮನೆಗಳು ಎದ್ದವು ಎಂದು ಹಳ್ಳಿಯವರು ಹೇಳುತ್ತಾರೆ.

ಇಲ್ಲಿಯ ಹೆಂಗಸರು ತುರುಬಿನ ಸುತ್ತ ಹೂವಿನ ದಂಡೆಯನ್ನು ಒಂದರ ಮೇಲೊಂದು ಸುತ್ತುತ್ತಾರೆ. ಮಲ್ಲಿಗೆ ಮೊಗ್ಗು, ಸೇವಂತಿಗೆ, ಕೆಲವು ಬಟ್ಟೆಯ ಹೂಗಳು. ದಿನಾ ಮೀನು ಮಾರಲು ಹೋಗುವ ಅಜ್ಜಿಯ ತಲೆಯಲ್ಲೂ ತೋಟವೇ! ಈಗ ಪ್ರವಾಸಿಗರೆಲ್ಲ ಹೂ ಮುಡಿಸಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನೂ ಪುಟ್ಟಿಯೂ ಕುಳಿತೆವು. ಹಿರಿಯಾಕೆಯೊಬ್ಬರು ನನ್ನ ಕೂದಲನ್ನು ಬಿಗಿಯಾಗಿ ಎಳೆದು ಕಟ್ಟಿ, ಬಾಯಲ್ಲಿ ಪಿನ್ನು ಕಚ್ಚಿಕೊಂಡು, ನಾನು ಅಲ್ಲಾಡಿದರೆ ತಲೆಗೆ ಮೆಲ್ಲಗೆ ಮೊಟಕುತ್ತಿದ್ದರು. ಶಾಲೆಗೆ ಹೋಗುವ ಮುಂಚೆ ಅಮ್ಮ ಜಡೆ ಹೆಣೆದು ಅಬ್ಬಲಿಗೆ ದಂಡೆ ಮುಡಿಸುತ್ತಿದ್ದುದು ಹೀಗೆಯೇ. ಕನ್ನಡಿ ಎದುರಿಗೆ ಬಂದಾಗ ನನ್ನ ಕಣ್ಣು ತುಂಬಿತ್ತು. ಹಿಂದೆ ನಿಂತಿದ್ದ ಅಪ್ಪ ಅದನ್ನು ಕಂಡರು, ಏನೂ ಹೇಳಲಿಲ್ಲ.

ಸಂಜೆ ಲುವೋಯಾಂಗ್ ಸೇತುವೆ. 1053ರಿಂದ 1059ರವರೆಗೆ, ಊರಿನ ಅಧಿಕಾರಿ ತ್ಸಾಯ್ ಶಿಯಾಂಗ್‌ನ ಕಾಲದಲ್ಲಿ ಕಟ್ಟಿದ್ದು. ನದಿ ಸಮುದ್ರ ಸೇರುವ ಜಾಗ, ಉಬ್ಬರದ ನೀರಿನ ಎಳೆತ ಭಯಂಕರ. ಸಿಮೆಂಟ್ ಇಲ್ಲದ ಕಾಲದಲ್ಲಿ ಕಲ್ಲನ್ನು ಕಲ್ಲಿಗೆ ಅಂಟಿಸುವುದು ಹೇಗೆ? ಅವರು ನದಿಯ ತಳಕ್ಕೆ ಬಂಡೆ ಸುರಿದು, ಅದರ ಮೇಲೆ ಸಿಂಪಿಗಳನ್ನು ಸಾಕಿದರು! ಸಿಂಪಿ ಬೆಳೆಯುತ್ತ ಬೆಳೆಯುತ್ತ ಕಲ್ಲುಗಳನ್ನು ಒಂದಕ್ಕೊಂದು ಬೆಸೆದುಬಿಟ್ಟಿತು. ಜೀವಂತ ಗಾರೆ. ಕಂಬದ ಬುಡದಲ್ಲಿ ಈಗಲೂ ಸಿಂಪಿಗಳು ಕಚ್ಚಿಕೊಂಡಿವೆ.

ನಾಲ್ಕು ಭಾಷೆಯ ಚಹಾ

ಕೊನೆಯ ದಿನ ತಮ್ಮನ ಸಹೋದ್ಯೋಗಿಯೊಬ್ಬಳು ಮನೆಗೆ ಕರೆದಳು. ಅವಳ ಊರು ಚ್ವಾನ್‌ಝೌ ನಗರಕ್ಕೆ ಸೇರಿದ ಆನ್‌ಶಿ ಎಂಬ ಗುಡ್ಡಗಾಡು ಸೀಮೆ. ‘ತಿಯೆ ಗುವಾನ್ ಯಿನ್’ ಎಂಬ ಹೆಸರಾಂತ ಚಹಾ ಬೆಳೆಯುವುದು ಅಲ್ಲೇ. ಅವಳ ಅಪ್ಪನೂ ಚಹಾ ತೋಟದವರು, ಹೆಚ್ಚು ಕಡಿಮೆ ನಮ್ಮಪ್ಪನ ವಯಸ್ಸು. ಹಿರಿಯರ ಸಮಾಧಿ ಗುಡಿಸಿ ಮಗಳ ಮನೆಗೆ ಬಂದಿದ್ದರು.

ಚಿಂಗ್‌ಮಿಂಗ್ ಹೊತ್ತಿಗೆ ಇಲ್ಲಿ ‘ರುನ್‌ಬಿಂಗ್’ ಮಾಡುತ್ತಾರೆ. ನೀರುದೋಸೆಗಿಂತ ತೆಳುವಾದ ಗೋಧಿಯ ಹಾಳೆಯ ಮೇಲೆ ಕ್ಯಾರೆಟ್, ಕೋಸು, ಬಟಾಣಿ, ಹುರಿದ ಪಾಚಿ, ಸಕ್ಕರೆ ಬೆರೆಸಿದ ಕಡಲೆಕಾಯಿ ಪುಡಿ ಇಟ್ಟು ಸುತ್ತಿ ತಿನ್ನುವುದು. ಸಾಮಾನ್ಯವಾಗಿ ಮಾಂಸ, ಸಿಂಪಿಯೂ ಇರುತ್ತದೆ. ನಮಗಾಗಿ ಅವಳು ಬೇರೆ ಬಾಣಲೆಯಲ್ಲಿ, ಬೇರೆ ಸೌಟಿನಲ್ಲಿ ಮಾಡಿದ್ದಳು. ನಮ್ಮ ತೊಡೆದೇವು ತೆಗೆದುಕೊಟ್ಟಾಗ ಅವಳಪ್ಪ ಅದನ್ನು ಬೆಳಕಿಗೆ ಹಿಡಿದು, ಇಷ್ಟು ತೆಳುವಾಗಿ ಮಾಡುವುದು ಹೇಗೆ ಎಂದು ಕೇಳಿದರು. ಮಡಕೆಯ ಬೆನ್ನ ಮೇಲೆ ಎಂದರೆ ನಂಬಲೇ ಇಲ್ಲ!

ಊಟದ ಮೇಲೆ ಚಹಾ. ಹೆಬ್ಬೆರಳಿನಷ್ಟು ಎತ್ತರದ ಬಟ್ಟಲು, ಹಾಲಿಲ್ಲ, ಸಕ್ಕರೆಯಿಲ್ಲ. ಮೊದಲ ಸಲ ಹಾಕಿದ ನೀರನ್ನು ಚೆಲ್ಲಿ, ಆಮೇಲೆ ಅದೇ ಎಲೆಗೆ ಮತ್ತೆ ಮತ್ತೆ ಕುದಿನೀರು. ಇಬ್ಬರು ಮುದುಕರೂ ಎದುರುಬದುರು ಕುಳಿತರು. ಅವರು ಆಡುವುದು ಮಿನ್ನಾನ್ ಭಾಷೆ. ಮಗಳು ಅದನ್ನು ಮ್ಯಾಂಡರಿನ್‌ಗೆ ತಿರುಗಿಸಿದರೆ ತಮ್ಮ ಅದನ್ನು ಕನ್ನಡಕ್ಕೆ; ಸಿಕ್ಕಿಹಾಕಿಕೊಂಡಲ್ಲಿ ಇಂಗ್ಲಿಷ್. ಒಂದು ಪ್ರಶ್ನೆ ಹೋಗಿ ಉತ್ತರ ಬರುವಷ್ಟರಲ್ಲಿ ಇನ್ನೊಂದು ಬಟ್ಟಲು ಚಹಾ.

ಎಷ್ಟು ಮಳೆ? ಇಳಿಜಾರೋ ಬಯಲೋ? ಕೂಲಿ ಎಷ್ಟು? ಯಾವ ರೋಗ? ಅಪ್ಪ ಎಲೆಚುಕ್ಕಿಯನ್ನು ಬೆರಳಿನಿಂದ ಮೇಜಿನ ಮೇಲೆ ಚುಕ್ಕಿ ಇಟ್ಟು ತೋರಿಸಿದರು. ಅವರಿಗೆ ತಕ್ಷಣ ಅರ್ಥವಾಯಿತು. ಆಮೇಲೆ ಅಪ್ಪ ಕೇಳಿದರು. “ನಿಮ್ಮ ಮಗಳು ಪೇಟೆಯಲ್ಲಿ ಇದ್ದಾಳೆ. ತೋಟ ಯಾರು ನೋಡ್ತಾರೆ?”

ಕನ್ನಡಕ್ಕೆ ಬಂದ ಉತ್ತರ ಇಷ್ಟು: ದೊಡ್ಡ ಪಾಲನ್ನು ದಾಯಾದಿಗಳಿಗೆ ಕೊಟ್ಟುಬಿಟ್ಟಿದ್ದೇನೆ, ಮಂಡಿ ನೋವು, ಗುಡ್ಡ ಹತ್ತಲಾಗುವುದಿಲ್ಲ. ಮನೆಯ ಹಿಂದಿನ ಎಂಟು ಸಾಲು ಮಾತ್ರ ಇಟ್ಟುಕೊಂಡಿದ್ದೇನೆ. ಇಪ್ಪತ್ತು ದಿನದಲ್ಲಿ ವಸಂತದ ಕೊಯ್ಲು, ಆಗ ಮಗಳೂ ಬರಬೇಕು. ನೀವು ಕುಡಿಯುತ್ತಿರುವುದು ಆ ಎಂಟು ಸಾಲಿನದೇ.

ಅಪ್ಪ ಬಟ್ಟಲನ್ನು ಕೆಳಗಿಟ್ಟು ನನ್ನನ್ನೂ ತಮ್ಮನನ್ನೂ ನೋಡಿದರು. “ಪತ್ರದ ವಿಷಯಕ್ಕೇ ನನ್ನನ್ನ ಇಲ್ಲಿ ತನಕ ಕರ್ಕೊಂಡು ಬಂದದ್ದು ಅಂತ ನಂಗೆ ಗೊತ್ತಿಲ್ವಾ?” ದನಿಯಲ್ಲಿ ಸಿಟ್ಟು ಇರಲಿಲ್ಲ. ನಮ್ಮಿಬ್ಬರ ತಲೆ ತಗ್ಗಿತು. ಇದನ್ನು ಮಾತ್ರ ತಮ್ಮ ಯಾವ ಭಾಷೆಗೂ ತಿರುಗಿಸಲಿಲ್ಲ.

ಹೊರಡುವಾಗ ಆ ಹಿರಿಯರು ಒಂದು ಪೊಟ್ಟಣ ಚಹಾ ಕೊಟ್ಟರು. ಅಪ್ಪ ತಮ್ಮ ಸಂಚಿಯಿಂದ ನಾಲ್ಕು ಕೆಂಪಡಿಕೆ ತೆಗೆದು ಅವರ ಅಂಗೈಯಲ್ಲಿಟ್ಟರು. “ಬಿನ್‌ಲಾಂಗ್” ಎಂದು ಇಬ್ಬರೂ ಒಟ್ಟಿಗೆ ಹೇಳಿ ನಕ್ಕರು.

ಹೋಗುವವರಿಗೆ ಒಂದೆರಡು ಮಾತು

ಚೀನಾಕ್ಕೆ ನಮಗೆ ವೀಸಾ ಮೊದಲೇ ಮಾಡಿಸಿಕೊಳ್ಳಬೇಕು. ಅಂಗಡಿಯಲ್ಲಿ ಬಹುಪಾಲು ಪಾವತಿ ಫೋನಿನ ಕ್ಯೂಆರ್ ಕೋಡ್ ಮೂಲಕವೇ. ಅಲ್ಲಿಯ ಪಾವತಿ ಆ್ಯಪನ್ನು ಊರಲ್ಲೇ ಹಾಕಿಕೊಂಡು ಹೋಗಿ. ನಮ್ಮ ವಾಟ್ಸ್‌ಆ್ಯಪ್, ಗೂಗಲ್ ಅಲ್ಲಿಯ ಇಂಟರ್ನೆಟ್‌ನಲ್ಲಿ ನಡೆಯುವುದಿಲ್ಲ. ರೈಲು ಹತ್ತಲು ಪಾಸ್‌ಪೋರ್ಟ್ ಕೈಯಲ್ಲಿರಲಿ. ಸಸ್ಯಾಹಾರಿಗಳು ಬೌದ್ಧ ಮಂದಿರಗಳ ಬಳಿಯ ಊಟದ ಮನೆ ಹುಡುಕಿ. ಗಟ್ಟಿಯಾಗಿ ಕೂತು ನಡುಗುವ ಯಾವುದನ್ನೂ ಕೇಳದೆ ಬಾಯಿಗೆ ಹಾಕಬೇಡಿ!

ಜೂನ್ ತಿಂಗಳ ಫೋನು

ಊರಿಗೆ ಬಂದ ವಾರದಲ್ಲೇ ಅಪ್ಪ ಆ ಪಾರ್ಟಿಯನ್ನು ಕರೆಸಿದರು. ಗುಡ್ಡದ ಬುಡದ ಮೇಲಿನ ತೋಟ, ಒಂದೂವರೆ ಎಕರೆ, ಕೊಡಲು ಒಪ್ಪಿದರು. ಮನೆ ಮತ್ತು ಮನೆಯ ಕೆಳಗಿನ ಹಳೆಯ ಒಂದೆಕರೆ ಕೊಡುವುದಿಲ್ಲ ಎಂದರು. ಅವರಿಗೆ ಮನೆಯೂ ಬೇಕಿತ್ತು, ಹಾಗಾಗಿ ವ್ಯವಹಾರ ಮುರಿಯಿತು. ನನಗೆ ಒಂದು ಕ್ಷಣ ಹಾಯೆನಿಸಿತು, ಮರುಕ್ಷಣವೇ ಚಿಂತೆಯಾಯಿತು. ಎರಡೂ ನಿಜ. ಈಗ ಮೇಲಿನ ತೋಟವನ್ನು ಪಕ್ಕದ ಮನೆಯವರಿಗೆ ಗೇಣಿಗೆ ಕೊಡುವ ಮಾತು ನಡೆದಿದೆ. ಎಲೆಚುಕ್ಕಿ ಇನ್ನೂ ಹೋಗಿಲ್ಲ. ಅಪ್ಪನಿಗೆ ವಯಸ್ಸು ಕಡಿಮೆಯಾಗುವುದಿಲ್ಲ. ತಮ್ಮ ವರ್ಷಕ್ಕೊಮ್ಮೆ ಕೊಯ್ಲಿನ ಹೊತ್ತಿಗೆ ಬರುತ್ತೇನೆ ಎಂದು ಹೇಳಿದ್ದಾನೆ, ಬಂದರೆ ನೋಡಬೇಕು.

ಜೂನ್‌ನಲ್ಲಿ ಮಳೆ ಹಿಡಿದ ದಿನ ಅಪ್ಪನ ಫೋನು ಬಂತು. ಸುರಿಯುವ ಮಳೆಯ ಸದ್ದಿನಲ್ಲಿ ಅವರ ದನಿ ಪೂರ್ತಿ ಕೇಳುತ್ತಿರಲಿಲ್ಲ.

“ಕೆಳಗಿನ ತೋಟದ ಬೇಲಿ ಸಾಲಿಗೆ ಎಂಟು ಹಾಲುವಾಣದ ಗೂಟ ಊರಿಸಿದ್ದೇನೆ ಮಾರಾಯ್ತಿ. ಚಿಗುರಿದ ಮೇಲೆ ಬುಡಕ್ಕೆ ಮೆಣಸಿನ ಬಳ್ಳಿ ಬಿಡುವುದು. ಕೊಯ್ಯೂದಕ್ಕೆ ಮೂರು ನಾಲ್ಕು ವರ್ಷ ಬೇಕು. ಪುಟ್ಟಿಗೆ ಹೇಳು, ರಜೆಗೆ ಬಂದವಳು ಯಾವ ಗೂಟ ತನ್ನದು ಅಂತ ಚೀಟಿ ಬರೆದು ಕಟ್ಲಿ.”

ಪುಟ್ಟಿ ಈಗಾಗಲೇ ಒಂದು ಮರದ ಹಲಗೆ ಹುಡುಕಿ ಇಟ್ಟುಕೊಂಡಿದ್ದಾಳೆ. ಹೆಸರನ್ನು ಕನ್ನಡದಲ್ಲಿ ಬರೆಯಬೇಕೋ ಚೀನಿಯಲ್ಲೋ ಎಂಬುದೊಂದೇ ಅವಳ ತಲೆಬಿಸಿ.